ಬಿದ್ದದ್ದಲ್ಲ, ಗುದ್ದಿದ್ದು



2025ರ ಜನವರಿ 22. ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ಲಾರಿ ಉರುಳಿತು. ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹತ್ತು ಮಂದಿ ಪ್ರಾಣ ಕಳೆದುಕೊಂಡರು. ದೇಶಕ್ಕೇ ಸುದ್ದಿಯಾಯ್ತು, ಪರಿಹಾರ ಘೋಷಣೆಯಾಯ್ತು. ಇವತ್ತು ನಾನು ಮಾತಾಡೋದು ಸುದ್ದಿಯೇ ಆಗದ ಅಪಘಾತಗಳ ಬಗ್ಗೆ.

ಶಿರಸಿಯದ್ದೋ ಸಿದ್ದಾಪುರದ್ದೋ ಒಂದು ತಿರುವು ಅಂದ್ಕೊಳ್ಳಿ. ಮುಸ್ಸಂಜೆ. ಸೊಸೈಟಿಗೆ ಅಡಿಕೆ ಹಾಕಿ ಬೈಕಲ್ಲಿ ಮನೆಗೆ ಹೊರಟವರಿಗೆ ಕಾರು ಗುದ್ದುತ್ತೆ. ಕಾಲು ಮುರೀತು. ಕಾರಿನವರು ಓಡಿ ಹೋಗಲ್ಲ. ಪಕ್ಕದೂರಿನವರೇ, ಪರಿಚಯದವರೇ. ‘ಆಸ್ಪತ್ರೆ ಖರ್ಚು ನಂದೇ ಮಾರಾಯ್ರೆ, ಪೊಲೀಸು ಗಿಲೀಸು ಎಂತಕ್ಕೆ?’ ಅಂತಾರೆ. ಇವರಿಗೂ ಸರಿ ಅನ್ಸುತ್ತೆ.

ಹುಬ್ಬಳ್ಳಿ ಆಸ್ಪತ್ರೇಲಿ ಡಾಕ್ಟರ್ ಕೇಳ್ತಾರೆ, ‘ಹೇಗಾಯ್ತು?’ ಪೊಲೀಸ್ ರಗಳೆ ಬೇಡ ಅಂತ ಮನೆಯವರು ಹೇಳ್ತಾರೆ, ‘ಬಿದ್ದದ್ದು.’ ಕೇಸ್ ಶೀಟಿನಲ್ಲಿ ಅದೇ ದಾಖಲಾಗುತ್ತೆ. ಮುಂದೆ ಬಿಲ್ ಏರುತ್ತೆ, ಕಾರಿನವರ ಫೋನ್ ಸ್ವಿಚ್ ಆಫ್ ಆಗುತ್ತೆ. ಪರಿಹಾರ ಕೇಳಿದ್ರೆ ವಿಮಾ ಕಂಪನಿ ವಕೀಲರು ಏನಂತಾರೆ ಗೊತ್ತಾ? ‘ಅಡಿಕೆ ಮರದಿಂದ ಬಿದ್ದು ಈಗ ಕಾರಿನ ಕಥೆ ಕಟ್ಟಿದ್ದಾರೆ!’

ಹಾಗಾದ್ರೆ ಪೊಲೀಸ್ ಕೇಸ್ ಇಲ್ಲದಿದ್ರೆ ಎಲ್ಲ ಮುಗೀತಾ? ಇಲ್ಲ ಸ್ವಾಮಿ. 2011ರಲ್ಲಿ ರವಿ ವಿರುದ್ಧ ಬದ್ರಿನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಎಫ್‌ಐಆರ್ ತಡವಾಯ್ತು ಅನ್ನೋ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ. ಗಾಯಾಳುವಿನ ಮನೆಯವರು ಮೊದಲು ಓಡೋದು ಆಸ್ಪತ್ರೆಗೋ ಠಾಣೆಗೋ? ಕ್ರಿಮಿನಲ್ ಕೇಸಿನಷ್ಟು ಕಟ್ಟುನಿಟ್ಟಿನ ಪುರಾವೆಯೂ ಇಲ್ಲಿ ಬೇಕಿಲ್ಲ ಅಂತ 2009ರ ಬಿಮಲಾದೇವಿ ತೀರ್ಪು ಹೇಳುತ್ತೆ. ಎಫ್‌ಐಆರ್ ದೊಡ್ಡ ಸಾಕ್ಷಿ ನಿಜ, ಆದ್ರೆ ಅದೊಂದೇ ಸಾಕ್ಷಿ ಅಲ್ಲ.

ಏನ್ ಮಾಡ್ಬೇಕು ಹಾಗಾದ್ರೆ? ತಡವಾಗಿದ್ರೂ ಇವತ್ತೇ ದೂರು ಕೊಡಿ. ಯಾಕೆ ತಡವಾಯ್ತು ಅಂತ ಇದ್ದದ್ದನ್ನ ಇದ್ದ ಹಾಗೇ ಬರೀರಿ. ತಾರೀಖು ತಿದ್ದಬೇಡಿ. ಠಾಣೇಲಿ ತಗೊಳ್ಳಲ್ವಾ? ಕಾರವಾರದ ಎಸ್ಪಿಗೆ ಅಂಚೆಯಲ್ಲಿ ಕಳಿಸಿ. ಅದಕ್ಕೂ ಬಗ್ಗದಿದ್ರೆ ಮ್ಯಾಜಿಸ್ಟ್ರೇಟ್ ಕೋರ್ಟ್ ಇದೆ. ಜಾಗದ ಫೋಟೊ, ಕಂಡವರ ಹೆಸರು, ಆಂಬುಲೆನ್ಸ್ ದಾಖಲೆ, ಬೈಕ್ ರಿಪೇರಿ ಬಿಲ್ ಎಲ್ಲ ಇಟ್ಕೊಳ್ಳಿ. ಆಸ್ಪತ್ರೆಗೆ ಅಂತ ಕಾರಿನವರು ಫೋನ್‌ಪೇ ಮಾಡಿದ್ರೆ ಅದೂ ಸಾಕ್ಷಿಯೇ. ಅರ್ಜಿ ಹಾಕೋಕೆ ಅಪಘಾತವಾದ ಊರೇ ಆಗಬೇಕಿಲ್ಲ, ನೀವು ವಾಸವಿರುವ ವ್ಯಾಪ್ತಿಯ ನ್ಯಾಯಮಂಡಳಿಯೂ ಆಗುತ್ತೆ. ಆದ್ರೆ 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವಿದೆ. ಅದು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದೆ, ಆದ್ರೂ ಅದನ್ನೇ ನಂಬಿ ಕೂರಬೇಡಿ.

ಇನ್ನು ದಾಕ್ಷಿಣ್ಯದ ಮಾತು. ‘ನಮ್ಮೂರಿನವರ ಮೇಲೆ ಕೇಸು ಹಾಕೋದಾ?’ ಅಂತೀರಿ. ನೋಡಿ, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಹೇಳೋದು ಚಾಲಕನಿಗೇ. ಅವರ ಮೇಲೆ ಕೇಸ್ ಆಗುತ್ತೆ, ನಿಜ. ಆದ್ರೆ ಲೈಸೆನ್ಸು, ವಿಮೆ ಸರಿಯಿದ್ರೆ ದುಡ್ಡು ಕೊಡೋದು ವಿಮಾ ಕಂಪನಿ. ವರ್ಷವರ್ಷ ವಿಮೆ ಕಟ್ಟೋದು ಮತ್ಯಾಕೆ? ಮುಚ್ಚಿಟ್ರೆ ಇವರ ತೋಟ ಅಡವಿಗೆ ಹೋಗುತ್ತೆ, ಕೊನೆಗೆ ಇಬ್ಬರ ಸ್ನೇಹವೂ ಹೋಗುತ್ತೆ.

ಅದಕ್ಕೇ ಹೇಳ್ತಿದ್ದೀನಿ. ಡಾಕ್ಟರ್ ‘ಹೇಗಾಯ್ತು’ ಅಂತ ಕೇಳಿದಾಗ ನಡೆದದ್ದನ್ನೇ ಹೇಳಿ: ಬಿದ್ದದ್ದಲ್ಲ, ಗುದ್ದಿದ್ದು.