ಕತ್ತಿಯ ನಂತರದ ಕೈಗಳು



2022ರ ಯುಗಾದಿ ಹೊತ್ತಿಗೆ ನಮ್ಮ ಕರ್ನಾಟಕದಲ್ಲಿ ಹಲಾಲ್ ಮಾಂಸದ ಬಗ್ಗೆ ದೊಡ್ಡ ಗದ್ದಲ ಎದ್ದಿತ್ತು. ಬೇಕು ಅಂದವರೂ ಬೇಡ ಅಂದವರೂ ಕತ್ತಿಯ ಸುತ್ತಲೇ ಮಾತಾಡಿದರು. ಕೊಯ್ದ ಮೇಲೆ ಆ ಮಾಂಸವನ್ನು ಎಂಥ ಕೈ ಮುಟ್ಟಿತು, ಎಷ್ಟು ಹೊತ್ತು ಅದು ಬಿಸಿಲಲ್ಲಿ ತೂಗಾಡಿತು ಎಂದು ಕೇಳಿದವರು ಕಡಿಮೆ. ಇವತ್ತು ನಾನು ಮಾತಾಡಬೇಕೆಂದಿರುವುದು ಅದನ್ನೇ.

ಹಲಾಲ್ ಕಟ್ಟಳೆಯ ಪ್ರಕಾರ ಅಲ್ಲಾಹನ ಹೆಸರು ಹೇಳಿ, ಹರಿತವಾದ ಕತ್ತಿಯಿಂದ ಗಂಟಲು ಮತ್ತು ಕುತ್ತಿಗೆಯ ರಕ್ತನಾಳ ಕೊಯ್ದು, ರಕ್ತ ಇಳಿಯಲು ಬಿಡಬೇಕು. ತಾನಾಗಿ ಸತ್ತುಬಿದ್ದ ಪ್ರಾಣಿ ನಿಷಿದ್ಧ. ರೋಗದಿಂದ ಸತ್ತ ಆಡು ಅಡುಗೆಮನೆ ಸೇರದಂತೆ ತಡೆಯುವ ಈ ಕಟ್ಟಳೆ ಆರೋಗ್ಯದ ಕಟ್ಟಳೆಯೂ ಹೌದು. ಕುರಾನಿನ ಎರಡನೆಯ ಅಧ್ಯಾಯದ 168ನೇ ವಚನ ಹಲಾಲಿನ ಜೊತೆಗೇ ತಯ್ಯಿಬ್ ಎನ್ನುತ್ತದೆ, ಅಂದರೆ ಆಹಾರ ಒಳ್ಳೆಯದೂ ಶುದ್ಧವೂ ಆಗಿರಬೇಕು. 1997ರಲ್ಲಿ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಆಯೋಗ ಹಲಾಲ್ ಬಗ್ಗೆ ಮಾರ್ಗಸೂಚಿ ಬರೆದಾಗಲೂ, ಅಡುಗೆಯಿಂದ ಸಾಗಣೆಯವರೆಗೆ ನೈರ್ಮಲ್ಯದ ನಿಯಮ ಪಾಲಿಸಬೇಕೆಂದು ಅದರಲ್ಲೇ ಸೇರಿಸಿತು.

ರಕ್ತ ಇಳಿದ ಮಾತ್ರಕ್ಕೆ ರೋಗಾಣು ಇಳಿದುಹೋಗುವುದಿಲ್ಲ. ಕರುಳು ತೆಗೆಯುವಾಗ ಹರಿದರೆ ಸಾಲ್ಮೊನೆಲ್ಲಾ ಎಂಬ ರೋಗಾಣು ಮಾಂಸಕ್ಕೆ ಹತ್ತುತ್ತದೆ. ಮಾಂಸ ಕಡಿಯುವ ಕೊರಡಿನ ಪಕ್ಕದಲ್ಲಿ ಬಿದ್ದಿರುವ ಬಟ್ಟೆಯನ್ನು ಒಮ್ಮೆ ನೋಡಿ. ಕತ್ತಿ ಒರೆಸುವುದು ಅದರಿಂದ, ತಕ್ಕಡಿ ಒರೆಸುವುದು ಅದರಿಂದ, ಕೈ ಒರೆಸಿಕೊಂಡು ನೋಟು ಎಣಿಸುವುದೂ ಅದರಿಂದಲೇ. ಸಂಜೆಯ ಹೊತ್ತಿಗೆ ಇಡೀ ಅಂಗಡಿಯ ಹೊಲಸೆಲ್ಲ ಆ ಒಂದು ಬಟ್ಟೆಯಲ್ಲಿ ಸೇರಿರುತ್ತದೆ. ಹಸಿ ಮಾಂಸ ಕಡಿದ ಕತ್ತಿಯಿಂದಲೇ ಊಟಕ್ಕೆ ಉಳ್ಳಾಗಡ್ಡಿ, ಕೊತ್ತಂಬರಿ ಹೆಚ್ಚಿದರೆ ಮುಗಿಯಿತು. ಅವು ಬೇಯದೆಯೇ ಎಲೆಗೆ ಬರುತ್ತವೆ.

ಇನ್ನು ಶಾದಿಖಾನೆಯ ಊಟ. ಬೀದರ್, ಭಾಲ್ಕಿ, ಔರಾದ್ ಕಡೆಯ ಮದುವೆಗಳಲ್ಲಿ ಮಸಾಲೆ ಅನ್ನವಾದ ಬಗಾರಾ ಖಾನಾ, ಬೇಳೆ-ಮಾಂಸದ ದಾಲ್ಚಾ ಬೇಯುವುದು ದೇಗ್ ಎಂಬ ದೊಡ್ಡ ಹಂಡೆಗಳಲ್ಲಿ. ನಸುಕಿನಲ್ಲಿ ಬೆಂದ ದಾಲ್ಚಾ ಮಧ್ಯಾಹ್ನ ಬಡಿಸುವವರೆಗೆ ಮುಚ್ಚಿಟ್ಟಿರುತ್ತದೆ. ಕೆಳಗೆ ಕೆಂಡವಿಲ್ಲದಿದ್ದರೆ ದೇಗ್‌ನ ನಡುಭಾಗ ಗಂಟೆಗಟ್ಟಲೆ ಬರೀ ಬೆಚ್ಚಗಿರುತ್ತದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ರೋಗಾಣುವಿಗೆ ಅಷ್ಟೇ ಸಾಕು. ಅದರ ಬೀಜಾಣುಗಳು ಕುದಿಯಲ್ಲೂ ಸಾಯುವುದಿಲ್ಲ. ಬಿಸಿ ಇಳಿದ ಮೇಲೆ ಮೊಳೆತು ಹೆಚ್ಚುತ್ತವೆ. ಉಂಡ 6ರಿಂದ 24 ಗಂಟೆಯೊಳಗೆ ಹೊಟ್ಟೆ ನುಲಿದು ಭೇದಿಯಾಗುತ್ತದೆ. ಅಷ್ಟರಲ್ಲಿ ಬೀಗರು ಊರು ಸೇರಿರುತ್ತಾರೆ, ದೋಷ ನೀರಿನ ಮೇಲೆ ಹೋಗುತ್ತದೆ. ಬೆರಳಿನ ಹುಣ್ಣಿನಿಂದ ಬರುವ ಸ್ಟೆಫೈಲೋಕಾಕಸ್ ರೋಗಾಣು ಬಿಡುವ ವಿಷವಂತೂ ಮತ್ತೆ ಕುದಿಸಿದರೂ ಹೋಗದು. ಆದ್ದರಿಂದ ಬಡಿಸುವವರೆಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬಿಸಿ ಇರಲಿ. ಉಳಿದದ್ದನ್ನು ದೇಗ್‌ನಲ್ಲೇ ಬಿಡದೆ ಅಗಲ ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ಬೇಗ ಆರಿಸಿ ಫ್ರಿಜ್‌ನಲ್ಲಿ ಇಡಿ.



ಹೀಗೆಂದು ಅಡುಗೆ ಮಾಡುವ ಬಾವರ್ಚಿಯ ಮೇಲೆ ಎಲ್ಲ ಹೊರೆ ಹೊರಿಸುವುದು ಅನ್ಯಾಯ. 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ಬಂದ 2011ರ ನಿಯಮಗಳು ಅಡುಗೆ ಕೆಲಸದವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ, ವಿಷಮಶೀತದಂಥ ರೋಗಕ್ಕೆ ಲಸಿಕೆ ಆಗಬೇಕೆನ್ನುತ್ತವೆ. ಆದರೆ ದಿನಗೂಲಿಗೆ ಬಡಿಸಲು ಬಂದ ಹುಡುಗ ಭೇದಿಯಾದರೂ ಬಕೆಟ್ ಹಿಡಿದು ನಿಲ್ಲುತ್ತಾನೆ. ಮನೆಗೆ ಹೋದರೆ ಅವನ ಕೂಲಿ ಹೋಗುತ್ತದೆ. ಪಾಯಖಾನೆಯ ಬಳಿ ನಲ್ಲಿಯಿಲ್ಲದ, ಸಾಬೂನಿಲ್ಲದ ಕಡೆ ಕೈ ತೊಳೆ ಎಂದು ಉಪದೇಶ ಮಾಡುವ ಹಕ್ಕು ನಮಗಿಲ್ಲ.

ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೆ. ಬಾವರ್ಚಿಗೆ ಮುಂಗಡ ಕೊಡುವ ದಿನವೇ ನೀರು, ಸಾಬೂನು, ಹಸಿ ಮಾಂಸಕ್ಕೆ ಬೇರೆ ಕತ್ತಿ, ಕಡೆಯ ಪಂಕ್ತಿಯವರೆಗೆ ಉರಿಗೆ ಕಟ್ಟಿಗೆ, ಇಷ್ಟನ್ನು ಮಾತಾಡಿಕೊಳ್ಳಿ. ಮೈ ಸರಿಯಿಲ್ಲದೆ ಮನೆಗೆ ಹೋದ ಹುಡುಗನಿಗೂ ಆ ದಿನದ ಕೂಲಿ ಕೊಡಿ.