ಸ್ವಂತ ಓದಿಗೆ ಮೊದಲ ಪುಸ್ತಕ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೆ ಐನ್‌ಸ್ಟೀನರ ಸಹವಾಸವೇಕೆ ಎಂದು ನಿಮಗೆ ಆಶ್ಚರ್ಯವಾಗಬಹುದು. ಪಿಯುಸಿಯಲ್ಲಿ ವಿಜ್ಞಾನ ಓದಿದ ನಾನು, ಮನೆಯ ಪರಿಸ್ಥಿತಿಯಿಂದ ಬಿ.ಎ., ಬಿ.ಎಡ್. ಮಾಡಿದೆ. ಆಸೆ ಮಾತ್ರ ಬಿಡಲಿಲ್ಲ. ಕೆಲಸ ಸಿಕ್ಕ ಮೇಲೆ ಮಿಸ್ನರ್, ಥಾರ್ನ್, ವೀಲರ್ ಅವರ ‘ಗ್ರಾವಿಟೇಷನ್’ ತರಿಸಿದೆ. 1973ರಲ್ಲಿ ಪ್ರಕಟವಾದ, 1,200ಕ್ಕೂ ಹೆಚ್ಚು ಪುಟಗಳ ಗ್ರಂಥ. ಮೂವತ್ತು ಪುಟ ದಾಟಲಾಗಲಿಲ್ಲ. ‘ಇದು ನನ್ನ ತಲೆಗೆ ಹತ್ತುವುದಲ್ಲ’ ಎಂದು ಕಟ್ಟಿಟ್ಟೆ. ಐದು ವರ್ಷ ಹಾಗೆಯೇ ಹೋದವು. ಗ್ರಂಥ ಶ್ರೇಷ್ಠವೇ, ಆದರೆ ಅದು ಮೊದಲ ಪುಸ್ತಕವಲ್ಲ ಎಂಬುದು ಆಮೇಲೆ ತಿಳಿಯಿತು.

ಮಗುವಿಗೆ ಭಾಷೆ ಕಲಿಸುವಾಗ ನಾವು ವ್ಯಾಕರಣದಿಂದ ಆರಂಭಿಸುತ್ತೇವೆಯೇ? ಸಾರ್ವತ್ರಿಕ ಸಾಪೇಕ್ಷತೆಗೂ ಎರಡು ದಾರಿಗಳಿವೆ. ಮೊದಲು ಟೆನ್ಸರ್ ಗಣಿತ, ಆಮೇಲೆ ಭೌತಶಾಸ್ತ್ರ ಎಂಬುದು ಒಂದು. ಬಾಗಿದ ದೇಶಕಾಲದಲ್ಲಿ ಏನಾಗುತ್ತದೆಂದು ಮೊದಲು ತೋರಿಸಿ, ಐನ್‌ಸ್ಟೀನರ ಸಮೀಕರಣಕ್ಕೆ ಆಮೇಲೆ ಬರುವುದು ಇನ್ನೊಂದು. ಜೇಮ್ಸ್ ಹಾರ್ಟಲ್ ಅವರ ‘ಗ್ರಾವಿಟಿ’ (2003) ಎರಡನೆಯ ದಾರಿಯದು. ಸೂರ್ಯನ ಬಳಿ ಬೆಳಕು ಬಾಗುವುದನ್ನು, ಬುಧಗ್ರಹದ ಕಕ್ಷೆ ನಿಧಾನವಾಗಿ ತಿರುಗುವುದನ್ನು ಆ ಸಮೀಕರಣಕ್ಕೆ ಮೊದಲೇ ಲೆಕ್ಕ ಹಾಕಿ ತೋರಿಸುತ್ತದೆ. ಒಬ್ಬರೇ ಕುಳಿತು ಓದುವವರಿಗೆ ನಾನು ಇದನ್ನೇ ಹೇಳುತ್ತೇನೆ. ಗಣಿತದಿಂದಲೇ ಹೋಗಬೇಕೆನ್ನುವವರಿಗೆ ಬರ್ನಾರ್ಡ್ ಶುಟ್ಸ್ ಅವರ ‘ಎ ಫಸ್ಟ್ ಕೋರ್ಸ್ ಇನ್ ಜನರಲ್ ರಿಲೇಟಿವಿಟಿ’ ಇದೆ. ಶಾನ್ ಕ್ಯಾರಲ್ ಅವರ ‘ಸ್ಪೇಸ್‌ಟೈಮ್ ಅಂಡ್ ಜಿಯಾಮಿಟ್ರಿ’ (2004) ಎರಡನೆಯ ಪುಸ್ತಕವಾಗಲಿ. ಅದಕ್ಕೆ ಮೂಲವಾದ ಅವರ ಉಪನ್ಯಾಸ ಟಿಪ್ಪಣಿಗಳು ಅಂತರ್ಜಾಲದಲ್ಲಿ ಉಚಿತ. ದುಡ್ಡಿಲ್ಲವೆಂದು ಯಾರೂ ಹಿಂದೆಗೆಯಬೇಕಿಲ್ಲ.

ವಿಶ್ವವಿಜ್ಞಾನಕ್ಕೆ ಬಾರ್ಬರಾ ರೈಡನ್ ಅವರ ‘ಇಂಟ್ರೊಡಕ್ಷನ್ ಟು ಕಾಸ್ಮಾಲಜಿ’ ಸಾಕು. ಅದಕ್ಕೆ ಟೆನ್ಸರ್ ಬೇಕಿಲ್ಲ. ಇಲ್ಲಿ ಮುದ್ರಣದ ವರ್ಷ ನೋಡಿರಿ. ವಿಶ್ವದ ಹಿಗ್ಗುವಿಕೆಗೆ ವೇಗ ಹೆಚ್ಚುತ್ತಿದೆ ಎಂದು ತಿಳಿದದ್ದು 1998ರಲ್ಲಿ. ಸ್ಟೀವನ್ ವೈನ್‌ಬರ್ಗ್ ಅವರ 1972ರ ಗ್ರಂಥ ಎಷ್ಟೇ ದೊಡ್ಡದಾದರೂ ಈ ಸಂಗತಿ ಅದರಲ್ಲಿರಲು ಸಾಧ್ಯವಿಲ್ಲ.

ಇದು ದೂರದವರ ವಿದ್ಯೆ ಎಂದುಕೊಳ್ಳಬೇಡಿ. ಕಪ್ಪುಕುಳಿ ಕದಡಿದಾಗ ಗಂಟೆಯಂತೆ ಕಂಪಿಸಿ ಶಾಂತವಾಗುವುದನ್ನು 1970ರಲ್ಲಿ ಲೆಕ್ಕದಿಂದ ತೋರಿಸಿದವರು ಸಿ.ವಿ. ವಿಶ್ವೇಶ್ವರ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ ಕಟ್ಟಿ ಬೆಳೆಸಿದವರೂ ಅವರೇ. 2015ರ ಸೆಪ್ಟೆಂಬರ್ 14ರಂದು ಗುರುತ್ವ ತರಂಗ ಮೊದಲ ಬಾರಿ ಸಿಕ್ಕಾಗ, ಆ ಕಂಪನದ ಸುಳಿವು ಅದರಲ್ಲಿತ್ತು.

ಪುಸ್ತಕ ಕೊಳ್ಳುವ ಮೊದಲು ಒಂದು ಅಧ್ಯಾಯ ಓದಿ, ಅದರ ಮೂರು ಲೆಕ್ಕ ಮಾಡಿ ನೋಡಿ. ಒಂದೂ ಬಾರದಿದ್ದರೆ ಕಲನಶಾಸ್ತ್ರ, ಮ್ಯಾಟ್ರಿಕ್ಸ್, ವಿಶೇಷ ಸಾಪೇಕ್ಷತೆಗೆ ಹಿಂತಿರುಗಿ. ಹಿಂತಿರುಗುವುದು ಸೋಲಲ್ಲ. ಪೆನ್ಸಿಲ್ ಹಿಡಿಯದೆ ಓದಿದ್ದು ಮಾತ್ರ ಓದಲ್ಲ.

ಸದಸ್ಯರಲ್ಲಿ ಒಂದು ವಿನಂತಿ. ಪ್ರತಿಭಾ ಪುರಸ್ಕಾರದ ಫಲಕಗಳ ಜೊತೆಗೆ ಇಂಥ ಒಂದೆರಡು ಪುಸ್ತಕ ನಮ್ಮ ಗ್ರಂಥಾಲಯಕ್ಕೂ ಬರಲಿ. ನಾನು ಕಳೆದುಕೊಂಡ ಐದು ವರ್ಷ ಈ ಮಕ್ಕಳಿಗೆ ಉಳಿಯಲಿ.