ಸೀಸೆಯ ಮೇಲಿನ ಬಿಳಿ ಚೌಕ

ಲಸಿಕೆ ಹಾಕಿಸುವ ದಿನ ನಿಮ್ಮ ಕಣ್ಣೆಲ್ಲ ಸೂಜಿಯ ಮೇಲೆಯೇ ಇರುತ್ತದೆ, ಅಲ್ಲವೇ? ಮುಂದಿನ ಸಲ ತಂಗಿಯನ್ನೋ ತಮ್ಮನನ್ನೋ ಸರಕಾರಿ ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರೋ ನರ್ಸಕ್ಕನೋ ಏನು ನೋಡುತ್ತಾರೆ ಎಂದು ಗಮನಿಸಿ. ಮದ್ದನ್ನು ಸಿರಿಂಜಿಗೆ ಎಳೆಯುವ ಮೊದಲು ಹೆಬ್ಬೆರಳಿನಷ್ಟು ಸೀಸೆಯನ್ನು ಬೆಳಕಿಗೆ ಹಿಡಿಯುತ್ತಾರೆ. ಅದರ ಚೀಟಿಯ ಮೇಲೋ ಮುಚ್ಚಳದ ಮೇಲೋ ನೇರಳೆ ಬಣ್ಣದ ಒಂದು ಪುಟ್ಟ ವೃತ್ತ, ಅದರೊಳಗೆ ಬಿಳಿ ಚೌಕ ಇರುತ್ತದೆ. ಸೆಕೆ ತಾಗಿದಷ್ಟೂ ಆ ಬಿಳಿ ಕಪ್ಪಾಗುತ್ತ ಹೋಗುತ್ತದೆ. ಆಮೇಲೆ ಎಷ್ಟೇ ತಣ್ಣಗೆ ಇಟ್ಟರೂ ಮತ್ತೆ ಬೆಳ್ಳಗಾಗುವುದಿಲ್ಲ. ಚೌಕದ ಬಣ್ಣವೂ ವೃತ್ತದ ಬಣ್ಣವೂ ಒಂದೇ ಆಯಿತೆಂದರೆ ಆ ಸೀಸೆ ಕಸಕ್ಕೆ.

ಇಷ್ಟೊಂದು ಎಚ್ಚರ ಯಾಕೆ ಬೇಕು ಅನ್ನುವುದು ತಮಿಳುನಾಡಿನ ತೊಪ್ಪೂರಿನ ಮಕ್ಕಳಿಗೆ ಬೇಗ ಅರ್ಥವಾದೀತು. ಬೆಂಗಳೂರಿನಿಂದ ಧರ್ಮಪುರಿ ದಾಟಿ ಸೇಲಂಗೆ ಹೋಗುವ ಹೆದ್ದಾರಿ ಘಾಟಿ ಇಳಿಯುವುದು ಅಲ್ಲೇ. ಲಾರಿಗಳು ಗೇರು ಇಳಿಸಿಕೊಂಡು, ಬ್ರೇಕು ಒತ್ತುತ್ತ ತೆವಳುವ ದಾರಿ. ಬೇಸಿಗೆಯಲ್ಲಿ ಬಂಡೆಯೂ ಟಾರೂ ಕಾದು ಕೆಂಡ. ಹೆಚ್ಚಿನ ಲಸಿಕೆಗಳಿಗೋ 2ರಿಂದ 8 ಡಿಗ್ರಿ ತಂಪೇ ಬೇಕು. ಕಾರ್ಖಾನೆ ಬಿಟ್ಟ ಗಳಿಗೆಯಿಂದ ನಿಮ್ಮ ತೋಳು ಸೇರುವ ತನಕ ಆ ತಂಪು ಎಲ್ಲಿಯೂ ತಪ್ಪಬಾರದು. ಹಾಗಂತ ಐಸ್ ಮೇಲೆ ಸುರಿದರಾಯಿತು ಅಂದುಕೊಳ್ಳಬೇಡಿ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆ ಹೆಪ್ಪುಗಟ್ಟಿದರೆ ಕೆಟ್ಟುಹೋಯಿತು. ಅದಕ್ಕೇ ಲಸಿಕೆ ಒಯ್ಯುವವರು ಐಸ್‌ಪ್ಯಾಕನ್ನು ಫ್ರೀಜರಿನಿಂದ ತೆಗೆದ ಕೂಡಲೇ ಡಬ್ಬಿಗೆ ತುಂಬುವುದಿಲ್ಲ. ಸ್ವಲ್ಪ ಹೊತ್ತು ಹೊರಗಿಟ್ಟು, ಕಿವಿಯ ಹತ್ತಿರ ಅಲುಗಾಡಿಸುತ್ತಾರೆ. ಒಳಗೆ ನೀರು ತುಳುಕುವ ಸದ್ದು ಕೇಳಿದ ಮೇಲೆಯೇ ತುಂಬುವುದು.

ಫ್ರಿಜ್ಜೇ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು? ಉತ್ತರ ಕೇಳಿದರೆ ಬೆರಗಾಗುತ್ತೀರಿ: ಮಕ್ಕಳ ತೋಳೇ ಆಗ ಲಸಿಕೆಯ ಡಬ್ಬಿ! 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಒಂದು ಸಂಗತಿ ತೋರಿಸಿಕೊಟ್ಟ. ಹಸುವಿನ ಕೆಚ್ಚಲಲ್ಲಿ ಏಳುವ ಗುಳ್ಳೆಯ ರಸವನ್ನು ತೋಳಿಗೆ ಗೀರಿ ಹಚ್ಚಿದರೆ ಸಿಡುಬು ಬರುವುದಿಲ್ಲ ಎಂದು. ಹಚ್ಚಿದ ಜಾಗದಲ್ಲಿ ಒಂದು ಗುಳ್ಳೆ ಏಳುತ್ತದೆ. ಅದರ ರಸವನ್ನು ಮುಂದಿನವರ ತೋಳಿಗೆ, ಅವರದ್ದನ್ನು ಅವರ ಮುಂದಿನವರಿಗೆ. ಹೀಗೆ ಲಸಿಕೆ ಬಾಗ್ದಾದ್, ಬಸ್ರಾ ದಾಟಿ ಮುಂಬಯಿಗೆ ಬಂತು. 1802ರ ಜೂನ್ 14ರಂದು ನಮ್ಮ ದೇಶದಲ್ಲಿ ಮೊದಲು ಲಸಿಕೆ ಪಡೆದವಳು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿ. ಅಳುತ್ತಿದ್ದಳೋ ಇಲ್ಲವೋ, ಅವಳ ತೋಳಿನಿಂದಲೇ ಲಸಿಕೆ ಊರೂರಿಗೆ ಹರಡಿತು.

ಜನ ಹೆದರಿದರು, ಸಹಜವೇ. ಹೆದರಿಕೆ ಬಿಡಿಸಲು ಮೈಸೂರಿನ ಅರಮನೆಯೇ ಮುಂದೆ ಬಂತು. ಸುಮಾರು 1805ರಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಬರೆದ ಒಂದು ಚಿತ್ರವಿದೆ. ಮೂವರು ಹೆಂಗಸರಲ್ಲಿ ಒಬ್ಬಳು ಸೀರೆಯ ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ದೇವಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆ ಹಾಕಿದ ಜಾಗ ಎಂದು ಇತಿಹಾಸ ಬಲ್ಲವರು ಗುರುತಿಸಿದ್ದಾರೆ. ಸಿಡುಬು ಈಗ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಸಾರಿ ಹೇಳಿತು.

ಸರಿ, ಒಂದೇ ಲಸಿಕೆಯನ್ನು ಮತ್ತೆ ಮತ್ತೆ ಚುಚ್ಚುವುದೇಕೆ? ಮಗ್ಗಿಯನ್ನು ಒಂದು ಸಲ ಓದಿದರೆ ಬಾಯಿಗೆ ಬರುತ್ತದೆಯೇ? ಮೈಗೂ ಅಷ್ಟೇ. ಲಸಿಕೆಯಲ್ಲಿ ಇರುವುದು ಸತ್ತ ರೋಗಾಣು, ಇಲ್ಲವೇ ಬಲಗುಂದಿಸಿದ ರೋಗಾಣು, ಇಲ್ಲವೇ ಅದರ ಒಂದು ಚೂರು. ರಕ್ತದ ಬಿಳಿಕಣಗಳು ಅದನ್ನು ಕಂಡು, ರೋಗಾಣುವನ್ನು ಎದುರಿಸುವ ಪ್ರತಿಕಾಯಗಳನ್ನು ತಯಾರಿಸುತ್ತವೆ. ಕೆಲವು ಕಣಗಳು ಆ ಗುರುತನ್ನು ನೆನಪಿಟ್ಟುಕೊಂಡು ವರ್ಷಗಟ್ಟಲೆ ಉಳಿಯುತ್ತವೆ. 6, 10, 14 ವಾರಕ್ಕೆ ಪೆಂಟಾವೇಲೆಂಟ್ ಕೊಟ್ಟಾಗ ಆ ನೆನಪು ಗಟ್ಟಿಯಾಗುತ್ತದೆ. ದಡಾರದ ಲಸಿಕೆ ಮಾತ್ರ 9 ತಿಂಗಳ ತನಕ ಕಾಯುತ್ತದೆ. ಅಮ್ಮನಿಂದ ಬಂದ ಪ್ರತಿಕಾಯಗಳು ಅಷ್ಟು ದಿನ ಕೂಸಿನ ಮೈಯಲ್ಲಿದ್ದು, ಲಸಿಕೆಯ ರೋಗಾಣುವನ್ನು ಕೆಲಸಕ್ಕೆ ಮೊದಲೇ ಹೊಡೆದುಹಾಕಿಬಿಡಬಹುದು. ಡಾಕ್ಟರು ಲಸಿಕೆಯ ಕಾರ್ಡಿನ ತಾರೀಖಿನ ಮೇಲೆ ಬೆರಳಿಟ್ಟು ನೋಡುವುದು ಈ ಲೆಕ್ಕಕ್ಕೇ.

ಒಳ್ಳೆಯ ಮಕ್ಕಳ ಡಾಕ್ಟರು "ನೋವೇ ಆಗಲ್ಲ ಪುಟ್ಟಾ" ಎಂದು ಸುಳ್ಳು ಹೇಳುವುದಿಲ್ಲ. "ಇರುವೆ ಕಚ್ಚಿದ ಹಾಗೆ ಸ್ವಲ್ಪ ನೋವಾಗುತ್ತೆ, ಬೇಗ ಹೋಗುತ್ತೆ" ಅನ್ನುತ್ತಾರೆ. ಕೂಸಾದರೆ ಅಮ್ಮನ ಮಡಿಲಲ್ಲೇ ಇರಲಿ, ಹಾಲು ಕುಡಿಯಲಿ ಅನ್ನುತ್ತಾರೆ. ಹಾಗೆ ಮಾಡಿದರೆ ನೋವು ನಿಜವಾಗಿಯೂ ಕಡಿಮೆಯಾಗುತ್ತದೆ. ಸ್ವಲ್ಪ ನೆಗಡಿ ಇದ್ದರೆ ಲಸಿಕೆ ಮುಂದೂಡುವುದಿಲ್ಲ. ಚುಚ್ಚಿದ ಮೇಲೆ ಅರ್ಧ ಗಂಟೆ ಕೂರಿಸುತ್ತಾರೆ. ಅಲರ್ಜಿ ತೀರಾ ಅಪರೂಪ. ಅಕಸ್ಮಾತ್ ಆದರೆ ಕೂಡಲೇ ಆಗುವಂಥದ್ದು, ಆಗ ಡಾಕ್ಟರು ಹತ್ತಿರವೇ ಇರಬೇಕು. ರಾತ್ರಿ ಮೈ ಬೆಚ್ಚಗಾದರೆ ಗಾಬರಿ ಬೇಡ, ಬಿಳಿಕಣಗಳು ಪಾಠ ಕಲಿಯುತ್ತಿವೆ. ಜ್ವರ ಜಾಸ್ತಿಯಾದರೆ, ಬಿಡದಿದ್ದರೆ ಮಾತ್ರ ಮತ್ತೆ ತೋರಿಸಬೇಕು.

ತೊಪ್ಪೂರಿನ ಸುತ್ತಮುತ್ತ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿ ಬರುವ ಮನೆಗಳು ಬೇಕಾದಷ್ಟಿವೆ. ತಮಿಳುನಾಡಿನ ಹಳ್ಳಿಗಳಲ್ಲಿ ಲಸಿಕೆಯ ದಿನ ಬುಧವಾರ, ಕರ್ನಾಟಕದಲ್ಲಿ ಗುರುವಾರ. ವಾರ ಬೇರೆಯಾದರೂ ಲಸಿಕೆಯ ಪಟ್ಟಿ ದೇಶಕ್ಕೆಲ್ಲ ಹೆಚ್ಚುಕಡಿಮೆ ಒಂದೇ. ದಡಾರ ಮತ್ತು ರುಬೆಲ್ಲಾ ಸೇರಿಸಿದ ಲಸಿಕೆಯ ಅಭಿಯಾನ 2017ರ ಫೆಬ್ರವರಿಯಲ್ಲಿ ಎರಡೂ ರಾಜ್ಯಗಳಲ್ಲಿ ಒಟ್ಟಿಗೇ ಶುರುವಾಯಿತು. ಒಂದು ರಾಜ್ಯದಲ್ಲಿ ಆರಂಭಿಸಿದ ಲಸಿಕೆಯನ್ನು ಇನ್ನೊಂದರಲ್ಲಿ ಮುಂದುವರಿಸಬಹುದು, ಕಾರ್ಡು ಕೈಯಲ್ಲಿದ್ದರೆ ಸಾಕು. ನಡುವೆ ಒಂದು ಡೋಸ್ ತಪ್ಪಿದ್ದರೂ ಮೊದಲಿನಿಂದ ಶುರುಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದಕ್ಕೆ.

ಲಸಿಕೆ ಬರೀ ಕೂಸುಗಳಿಗೆ ಅಂದುಕೊಂಡು ನಗುತ್ತ ಓದುತ್ತಿರುವವರಿಗೆ ಒಂದು ಮಾತು. ಧನುರ್ವಾಯು, ಗಂಟಲುಮಾರಿ ತಡೆಯುವ ಟಿಡಿ ಲಸಿಕೆಯನ್ನು 10 ವರ್ಷ ತುಂಬಿದಾಗ ಒಮ್ಮೆ, 16 ವರ್ಷ ತುಂಬಿದಾಗ ಇನ್ನೊಮ್ಮೆ ಹಾಕಿಸಿಕೊಳ್ಳಬೇಕು. ಇವತ್ತೇ ಅಮ್ಮನನ್ನು ಕೇಳಿ ನಿಮ್ಮ ಕಾರ್ಡು ಹುಡುಕಿಸಿ, ನಿಮ್ಮದು ಆಗಿದೆಯೋ ಇಲ್ಲವೋ ನೋಡಿ.